ಕೌಂಟಿಯ ಖರೀದಿಗೂ ಲೆಕ್ಕ ಕೇಳೋಣ: ಕನ್ನಡ ಕೂಟದ ಅಧ್ಯಕ್ಷರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರೇ,

ನಮ್ಮ ಕೌಂಟಿ ಏನು ಕೊಳ್ಳುತ್ತದೆ, ಯಾರಿಂದ ಕೊಳ್ಳುತ್ತದೆ, ಎಷ್ಟು ಕೊಟ್ಟು ಕೊಳ್ಳುತ್ತದೆ ಎಂಬುದನ್ನು ತಿಂಗಳು ತಿಂಗಳೂ ಕೂತು ಓದುವ ನಾಲ್ಕಾರು ಜನರ ಗುಂಪೊಂದನ್ನು ನಮ್ಮ ಕನ್ನಡ ಕೂಟ ಕಟ್ಟಬೇಕು. ಕಾರ್ಯಕಾರಿ ಸಮಿತಿಯಲ್ಲಿ ನಾನು ಈ ಮಾತು ಎತ್ತಿದಾಗ "ಅದು ರಾಜಕೀಯ, ಕೂಟಕ್ಕೆ ಬೇಡ" ಎಂದಿರಿ. ರಾಜಕೀಯ ಏಕಲ್ಲ ಎಂದು ವಿವರವಾಗಿ ಹೇಳಬೇಕು ಅನ್ನಿಸಿತು. ಸದಸ್ಯರೆಲ್ಲರೂ ಓದಿ ತಮ್ಮ ಅಭಿಪ್ರಾಯ ಹೇಳಲಿ ಎಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಕೂಟದ ಲೆಕ್ಕದ ಶಿಸ್ತನ್ನು ಮನಸಾರೆ ಮೆಚ್ಚಿದವರಲ್ಲಿ ನಾನೂ ಒಬ್ಬ. ರಾಜ್ಯೋತ್ಸವದ ಊಟಕ್ಕೆ ಮೂರು ಕಡೆಯಿಂದ ಕೊಟೇಶನ್ ತರಿಸದೆ ನಾವು ಅಡುಗೆಯವರಿಗೆ ಮುಂಗಡ ಕೊಡುವುದಿಲ್ಲ. ಒಬ್ಬಟ್ಟಿಗೆ ಬೇರೆ ಬಿಲ್ ಬಂದರೆ ಸರ್ವಸದಸ್ಯರ ಸಭೆಯಲ್ಲಿ ಯಾರಾದರೂ ಎದ್ದು ಕೇಳಿಯೇ ಕೇಳುತ್ತಾರೆ, ಖಜಾಂಚಿಯವರು ರಸೀದಿ ತೆಗೆದು ತೋರಿಸುತ್ತಾರೆ. ಹಾಗೆ ಕೇಳಿದ್ದಕ್ಕೆ ಖಜಾಂಚಿಯವರು ಮುನಿಸಿಕೊಂಡದ್ದನ್ನು ನಾನು ಕಂಡಿಲ್ಲ. ಹತ್ತು ಜನರ ಹಣಕ್ಕೆ ಲೆಕ್ಕ ಕೇಳುವುದು ಮರ್ಯಾದಸ್ಥರ ಕೆಲಸವೆಂದು ನಮಗೆಲ್ಲ ಗೊತ್ತಿದೆ. ಇದೇ ನಾವು, ನಮ್ಮದೇ ತೆರಿಗೆಯಲ್ಲಿ ಕೌಂಟಿ ಕೊಳ್ಳುವ ರಸ್ತೆಯ ಡಾಂಬರು, ಜೈಲಿನ ಊಟ, ಮತಯಂತ್ರ, ಆಂಬುಲೆನ್ಸ್, ಕಂಪ್ಯೂಟರ್ ತಂತ್ರಾಂಶಗಳ ಬಗ್ಗೆ ಇಷ್ಟು ವರ್ಷಗಳಲ್ಲಿ ಬಾಯಿ ಬಿಟ್ಟು ಒಂದು ಮಾತು ಕೇಳಿಲ್ಲ.

ನಾವಿರುವ ಟೆಕ್ಸಾಸಿನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ. ಆ ಭಾರದ ದೊಡ್ಡ ಪಾಲು ಮನೆಯ ಮೇಲಿನ ತೆರಿಗೆಗೆ ಬಂದು ಕೂತಿದೆ. ಏಪ್ರಿಲ್ ಹೊತ್ತಿಗೆ ಮೌಲ್ಯಮಾಪನದ ನೋಟಿಸು ಬಂದ ಕೂಡಲೇ ನಮ್ಮ ವಾಟ್ಸ್ಯಾಪ್ ಗುಂಪುಗಳು ಹೇಗೆ ಎಚ್ಚೆತ್ತುಕೊಳ್ಳುತ್ತವೆ ಎಂದು ನಿಮಗೆ ಗೊತ್ತು. ಪಕ್ಕದ ಬೀದಿಯ ಮನೆ ಎಷ್ಟಕ್ಕೆ ಹೋಯಿತು, ಚದರಡಿಗೆ ಎಷ್ಟು ಬಿತ್ತು, ಅಡಿಪಾಯದ ಬಿರುಕಿನ ಫೋಟೊ ಲಗತ್ತಿಸಿದರೆ ಎಷ್ಟು ಇಳಿಸುತ್ತಾರೆ ಎಂದು ಒಬ್ಬರಿಗೊಬ್ಬರು ಹೇಳಿಕೊಟ್ಟು ಮೇ 15ರ ಗಡುವಿನೊಳಗೆ ತಕರಾರು ಸಲ್ಲಿಸುತ್ತೇವೆ. ಕೊಡುವಾಗ ಇಷ್ಟು ಲೆಕ್ಕ ಹಾಕುವ ನಾವು, ಕೊಟ್ಟದ್ದು ಎಲ್ಲಿಗೆ ಹೋಯಿತು ಎಂದು ತಿರುಗಿಯೂ ನೋಡುವುದಿಲ್ಲ. ಮನೆಯ ತೆರಿಗೆಯಲ್ಲಿ ಶಾಲೆಗಳ ಪಾಲೇ ದೊಡ್ಡದು, ಕೌಂಟಿಯದು ಅದಕ್ಕಿಂತ ಕಡಿಮೆ, ನಿಜ. ಆದರೆ ಶಾಲಾ ಮಂಡಳಿಯ ಸಭೆಗೆ ನಮ್ಮವರು ಮಕ್ಕಳ ನೆಪದಲ್ಲಾದರೂ ಹೋಗುತ್ತಾರೆ. ಕೌಂಟಿಯ ಸಭೆಯಲ್ಲಿ ನಮ್ಮವರ ಮುಖ ನಾನು ಕಂಡಿಲ್ಲ.

ನನ್ನ ಈ ಹಟಕ್ಕೆ ಕಾರಣವಾದ ಊರು ಟೆಕ್ಸಾಸಿನದಲ್ಲ, ಅಲಬಾಮಾದ್ದು. ಬರ್ಮಿಂಗ್‌ಹ್ಯಾಮ್ ನಗರವಿರುವ ಜೆಫರ್ಸನ್ ಕೌಂಟಿಯ ಕತೆಯನ್ನು ನಮ್ಮ ಸದಸ್ಯರೆಲ್ಲರೂ ಒಮ್ಮೆ ಪೂರ್ತಿ ಓದಬೇಕು. ಬೆಂಗಳೂರಿನ ಸಾರ್ವಜನಿಕ ಉದ್ದಿಮೆಯೊಂದರ ಖರೀದಿ ವಿಭಾಗದಲ್ಲಿ ಕೆಲಸ ಕಲಿತ ನನಗೆ, ಖರೀದಿಯ ತಪ್ಪು ಎಷ್ಟು ದೂರ ಹರಿಯಬಲ್ಲದು ಎಂದು ಅರ್ಥವಾದದ್ದು ಆ ಕತೆಯಿಂದ.

ಅಲ್ಲಿ ಮಳೆ ಜೋರಾಗಿ ಬಂದರೆ ಒಳಚರಂಡಿಯ ಕೊಳಕು ಉಕ್ಕಿ ಕಹಾಬಾ ನದಿಗೆ ಸೇರುತ್ತಿತ್ತು. ನಿವಾಸಿಗಳು ಕೋರ್ಟಿಗೆ ಹೋದರು, ಕೇಂದ್ರದ ಪರಿಸರ ಸಂರಕ್ಷಣಾ ಸಂಸ್ಥೆಯೂ ಸೇರಿಕೊಂಡಿತು. ಒಳಚರಂಡಿಯನ್ನು ಸರಿಪಡಿಸುತ್ತೇವೆ ಎಂದು ಕೌಂಟಿ 1996ರಲ್ಲಿ ಕೋರ್ಟಿನ ಮುಂದೆ ಒಪ್ಪಿಕೊಂಡಿತು. ಒಳ್ಳೆಯ ಕೆಲಸ, ಆಗಲೇಬೇಕಾದ ಕೆಲಸ. ಎಲ್ಲರಿಗೂ ಬೇಕಾದ ಕೆಲಸವಾದ್ದರಿಂದಲೇ ಅದರ ಖರ್ಚನ್ನು ಪ್ರಶ್ನಿಸುವವರು ಕಡಿಮೆಯಾದರು ಎಂದು ನನಗನ್ನಿಸುತ್ತದೆ. ಪೈಪು ಹಾಕುವ, ಸುರಂಗ ಕೊರೆಯುವ, ಶುದ್ಧೀಕರಣ ಘಟಕ ಕಟ್ಟುವ ಗುತ್ತಿಗೆಗಳು ಒಂದರ ಹಿಂದೊಂದು ಹೊರಟವು. ಒಟ್ಟು ಖರ್ಚು 300 ಕೋಟಿ ಡಾಲರ್ ದಾಟಿತು. ಗುತ್ತಿಗೆದಾರರಿಗೂ ಕೌಂಟಿ ನಡೆಸುವ ಚುನಾಯಿತ ಕಮಿಷನರ್‌ಗಳಿಗೂ ನಡುವೆ ಬೇರೆ ವ್ಯವಹಾರ ಬೆಳೆಯಿತು. ಗುತ್ತಿಗೆದಾರರು, ಕೌಂಟಿಯ ನೌಕರರು, ಕಮಿಷನರ್‌ಗಳು ಎಲ್ಲ ಸೇರಿ ಇಪ್ಪತ್ತರ ಆಸುಪಾಸಿನ ಜನ ಕೊನೆಗೆ ಅಪರಾಧಿಗಳೆಂದು ಸಾಬೀತಾದರು.

ಅವರಲ್ಲಿ ಒಬ್ಬರ ಹೆಸರು ಓದಿದಾಗ ನನಗೆ ಆ ಪುಟದಿಂದ ಮುಂದೆ ಹೋಗಲು ಆಗಲಿಲ್ಲ. ಕ್ರಿಸ್ ಮ್ಯಾಕ್‌ನೇರ್. 1963ರ ಸೆಪ್ಟೆಂಬರ್‌ನಲ್ಲಿ ಬರ್ಮಿಂಗ್‌ಹ್ಯಾಮಿನ ಹದಿನಾರನೆಯ ಬೀದಿಯ ಚರ್ಚಿಗೆ ಜನಾಂಗ ದ್ವೇಷಿಗಳು ಬಾಂಬಿಟ್ಟಾಗ ಸತ್ತ ನಾಲ್ವರು ಹೆಣ್ಣುಮಕ್ಕಳಲ್ಲಿ ಒಬ್ಬಳು, 11 ವರ್ಷದ ಡೆನಿಸ್, ಕ್ರಿಸ್ ಅವರ ಮಗಳು. ಮಗಳನ್ನು ಕಳೆದುಕೊಂಡ ಆ ಛಾಯಾಗ್ರಾಹಕ ಸೇಡಿನ ಮಾತಾಡದೆ ಬದುಕಿದರು, ರಾಜ್ಯದ ಶಾಸಕರಾದರು, ಆಮೇಲೆ ಕೌಂಟಿ ಕಮಿಷನರ್ ಆದರು. ಒಳಚರಂಡಿ ವಿಭಾಗ ಅವರ ಕೈಗೆ ಬಂತು. ಗುತ್ತಿಗೆದಾರರು ಅವರ ಸ್ಟುಡಿಯೊವನ್ನು ಪುಕ್ಕಟೆಯಾಗಿ ನವೀಕರಿಸಿಕೊಟ್ಟರು. ಮಗಳ ನೆನಪಿನ ವಸ್ತುಗಳನ್ನು ಅವರು ಇಟ್ಟುಕೊಂಡಿದ್ದದ್ದು ಅದೇ ಸ್ಟುಡಿಯೊದಲ್ಲಿ. 2006ರಲ್ಲಿ ಲಂಚದ ಆರೋಪ ಸಾಬೀತಾಯಿತು, 5 ವರ್ಷದ ಶಿಕ್ಷೆಯಾಯಿತು, ಮುಪ್ಪಿನಲ್ಲಿ ಜೈಲಿಗೆ ಹೋದರು. ಊರೆಲ್ಲ ಕೈಮುಗಿಯುತ್ತಿದ್ದ ಮನುಷ್ಯ ಅವರು. "ನಮ್ಮ ಕಮಿಷನರ್ ಒಳ್ಳೆಯವರು, ಅವರನ್ನೇನು ಕೇಳುವುದು" ಎನ್ನುವವರಿಗೆ ನಾನು ಈ ಕತೆಯನ್ನು ಹೇಳುತ್ತೇನೆ. ಒಳ್ಳೆಯವರನ್ನೂ ಕೇಳಬೇಕು. ಯಾರಾದರೂ ಮೊದಲೇ ಕೇಳಿದ್ದರೆ ಆ ಮುದುಕರು ಜೈಲು ಕಾಣದೆ ಮನೆಯಲ್ಲೇ ಉಳಿಯುತ್ತಿದ್ದರೋ ಏನೋ.

ಪೈಪಿನ ಲಂಚವಷ್ಟೇ ಆಗಿದ್ದರೆ ಕೌಂಟಿ ತಡೆದುಕೊಳ್ಳುತ್ತಿತ್ತು. ಮುಳುಗಿಸಿದ್ದು ಅದರ ಸಾಲದ ವ್ಯವಹಾರ. ಸಾಲವೂ ಒಂದು ಖರೀದಿಯೇ ಎಂಬುದನ್ನು ನಾವು ಮರೆಯುತ್ತೇವೆ. ಕೌಂಟಿ ಬ್ಯಾಂಕಿನಿಂದ ಸೇವೆ ಕೊಳ್ಳುತ್ತದೆ, ಅದಕ್ಕೆ ಶುಲ್ಕ ಕೊಡುತ್ತದೆ. 2002ರಿಂದ 2004ರ ನಡುವೆ ಜೆಫರ್ಸನ್ ಕೌಂಟಿ ತನ್ನ ಒಳಚರಂಡಿ ಸಾಲದ ಬಹುಪಾಲನ್ನು ಮರುಹೊಂದಿಸಿತು. ಏರಿಳಿಯುವ ಬಡ್ಡಿಗೆ ಸಾಲ ಎತ್ತಿ, ಆ ಏರಿಳಿತದಿಂದ ಕಾಪಾಡಿಕೊಳ್ಳಲು ಬಡ್ಡಿ ವಿನಿಮಯದ 'ಸ್ವಾಪ್' ಒಪ್ಪಂದಗಳನ್ನು ಜೆಪಿ ಮಾರ್ಗನ್ ಬ್ಯಾಂಕಿನಿಂದ ಕೊಂಡಿತು. ಇವನ್ನು ಟೆಂಡರ್ ಕರೆಯದೆ ಮಾತುಕತೆಯಲ್ಲೇ ಕುದುರಿಸಲಾಯಿತು. ಕಮಿಷನರ್‌ಗಳ ಆಪ್ತರು ಇದ್ದ ಸ್ಥಳೀಯ ಸಂಸ್ಥೆಗಳಿಗೆ ಬ್ಯಾಂಕು ಗುಟ್ಟಾಗಿ 80 ಲಕ್ಷ ಡಾಲರ್‌ಗೂ ಹೆಚ್ಚು ಕೊಟ್ಟು, ಆ ಹಣವನ್ನು ಬಡ್ಡಿಯಲ್ಲಿ ಸೇರಿಸಿ ಕೌಂಟಿಯಿಂದಲೇ ವಸೂಲು ಮಾಡಿತು ಎಂದು ಅಮೆರಿಕದ ಷೇರುಪೇಟೆ ನಿಯಂತ್ರಣ ಆಯೋಗ ಆರೋಪಿಸಿತು. ವಾಲ್‌ಸ್ಟ್ರೀಟಿನ ಇನ್ನೊಂದು ಬ್ಯಾಂಕು ಪೈಪೋಟಿಗೆ ಬರದಿರಲಿ ಎಂದು ಅದಕ್ಕೂ 30 ಲಕ್ಷ ಡಾಲರ್ ಸಂದಿತ್ತು. 2009ರ ನವೆಂಬರ್‌ನಲ್ಲಿ ಜೆಪಿ ಮಾರ್ಗನ್ ತಪ್ಪನ್ನು ಒಪ್ಪದೆ, ನಿರಾಕರಿಸದೆ ರಾಜಿ ಮಾಡಿಕೊಂಡಿತು. 2.5 ಕೋಟಿ ಡಾಲರ್ ದಂಡ, ಕೌಂಟಿಗೆ 5 ಕೋಟಿ ಡಾಲರ್, ಒಪ್ಪಂದ ಮುರಿದದ್ದಕ್ಕೆ ಕೌಂಟಿಯಿಂದ ಬರಬೇಕಿದ್ದ 64.7 ಕೋಟಿ ಡಾಲರ್ ಶುಲ್ಕ ಮನ್ನಾ.

ಸಾಲ ಮರುಹೊಂದಿಸಿದ ಆ ವರ್ಷಗಳಲ್ಲಿ ಕೌಂಟಿ ಕಮಿಷನ್‌ನ ಅಧ್ಯಕ್ಷರಾಗಿದ್ದವರು ಲ್ಯಾರಿ ಲ್ಯಾಂಗ್‌ಫರ್ಡ್. ಸಾಲದ ವ್ಯವಹಾರವನ್ನು ತಮ್ಮ ಗೆಳೆಯನೊಬ್ಬನ ಹೂಡಿಕೆ ಸಂಸ್ಥೆಯ ಮೂಲಕ ಹಾಯಿಸಿದ್ದಕ್ಕೆ ನಗದು, ಉಡುಪು, ರೋಲೆಕ್ಸ್ ಗಡಿಯಾರ ಎಲ್ಲ ಸೇರಿ ಸುಮಾರು 2,35,000 ಡಾಲರ್ ಲಂಚ ಅವರಿಗೆ ಸಿಕ್ಕಿತ್ತು. ಗೆಳೆಯನ ಸಂಸ್ಥೆಗೆ ಸಿಕ್ಕ ಶುಲ್ಕ 71 ಲಕ್ಷ ಡಾಲರ್. 2009ರ ಅಕ್ಟೋಬರ್‌ನಲ್ಲಿ, ಅವರು ಬರ್ಮಿಂಗ್‌ಹ್ಯಾಮಿನ ಮೇಯರ್ ಆಗಿದ್ದಾಗ, 60 ಆರೋಪಗಳೂ ಸಾಬೀತಾದವು, ಮರುವರ್ಷ 15 ವರ್ಷದ ಶಿಕ್ಷೆಯಾಯಿತು.

ಅಷ್ಟರಲ್ಲಿ 2008ರ ಹಣಕಾಸು ಬಿಕ್ಕಟ್ಟು ಬಂದಿತ್ತು. ಸಾಲಕ್ಕೆ ಖಾತರಿ ಕೊಟ್ಟಿದ್ದ ವಿಮಾ ಕಂಪನಿಗಳು ಕುಸಿದವು, ಬಡ್ಡಿ ಗಗನಕ್ಕೇರಿತು, ಸ್ವಾಪ್ ಕೈಕೊಟ್ಟಿತು. 2011ರ ನವೆಂಬರ್ 9ರಂದು ಕೌಂಟಿ 400 ಕೋಟಿ ಡಾಲರ್‌ಗೂ ಮೀರಿದ ಸಾಲ ತೋರಿಸಿ ದಿವಾಳಿ ಅರ್ಜಿ ಹಾಕಿತು. ಎರಡು ವರ್ಷದ ನಂತರ ಡೆಟ್ರಾಯಿಟ್ ದಿವಾಳಿಯಾಗುವ ತನಕ ಅಮೆರಿಕದ ಸ್ಥಳೀಯ ಸರ್ಕಾರಗಳಲ್ಲಿ ಅದೇ ಅತಿ ದೊಡ್ಡ ದಿವಾಳಿ. ಅದೇ ಹೊತ್ತಿಗೆ ಕೋರ್ಟೊಂದು ಕೌಂಟಿಯ ಉದ್ಯೋಗ ತೆರಿಗೆಯನ್ನೂ ರದ್ದು ಮಾಡಿದ್ದರಿಂದ ದಿನದ ಖರ್ಚಿಗೂ ಹಣವಿಲ್ಲದೆ ನೂರಾರು ನೌಕರರನ್ನು ಮನೆಗೆ ಕಳಿಸಿದರು. ಬಡವರ ಆಸ್ಪತ್ರೆಯಾಗಿದ್ದ ಕೂಪರ್ ಗ್ರೀನ್‌ನಲ್ಲಿ 2012ರ ಕೊನೆಗೆ ಒಳರೋಗಿಗಳನ್ನು ಸೇರಿಸಿಕೊಳ್ಳುವುದು ನಿಂತಿತು. ಒಳಚರಂಡಿ ಶುಲ್ಕವಂತೂ ಆ ಹೊತ್ತಿಗಾಗಲೇ ಹಿಂದಿನದರ ಮೂರು ಪಟ್ಟು ಮೀರಿತ್ತು. 2013ರ ಡಿಸೆಂಬರ್‌ನಲ್ಲಿ ದಿವಾಳಿಯಿಂದ ಹೊರಬರುವಾಗ ಮಾಡಿಕೊಂಡ ಒಪ್ಪಂದದಂತೆ ಮೊದಲ ನಾಲ್ಕು ವರ್ಷ ಆ ಶುಲ್ಕ ವರ್ಷಕ್ಕೆ 7 ಪರ್ಸೆಂಟ್‌ಗೂ ಹೆಚ್ಚು ಏರಬೇಕಿತ್ತು, ಆಮೇಲೆ ಸುಮಾರು 3.5 ಪರ್ಸೆಂಟ್‌ನಂತೆ ಏರುತ್ತ ಹೋಗಬೇಕಿತ್ತು. ಜೈಲಿಗೆ ಹೋದವರು ಹೊರಬಂದರು, ಕೆಲವರು ತೀರಿಯೂ ಹೋದರು. ಬರ್ಮಿಂಗ್‌ಹ್ಯಾಮಿನ ಬಡಾವಣೆಗಳ ಅಜ್ಜಿಯರು ಮಾತ್ರ ಇವತ್ತಿಗೂ ಆ ಬಿಲ್ ಕಟ್ಟುತ್ತಿದ್ದಾರೆ.

ಲೆಕ್ಕ ನೋಡಲು ಕೌಂಟಿಯಲ್ಲೇ ಆಡಿಟರ್ ಇರುತ್ತಾರಲ್ಲ ಎಂದು ನೀವು ಕೇಳಬಹುದು. ಕ್ಲೀವ್‌ಲ್ಯಾಂಡ್ ನಗರವಿರುವ ಓಹಾಯೊದ ಕಯಹೋಗಾ ಕೌಂಟಿಯಲ್ಲೂ ಆಡಿಟರ್ ಇದ್ದರು, ಜನರೇ ಮತ ಹಾಕಿ ಆರಿಸಿದ್ದರು. 2008ರ ಜುಲೈಯಲ್ಲಿ ಎಫ್‌ಬಿಐ ದಾಳಿ ಮಾಡಿದಾಗ ಕಮಿಷನರ್ ಜಿಮ್ಮಿ ಡಿಮೋರಾ ಅವರ ಜೊತೆಗೇ ಸಿಕ್ಕಿಬಿದ್ದವರು ಅದೇ ಆಡಿಟರ್ ಫ್ರ್ಯಾಂಕ್ ರುಸ್ಸೊ. ಬೇಲಿಯೇ ಎದ್ದು ಹೊಲ ಮೇಯ್ದ ಕತೆ. ಗುತ್ತಿಗೆದಾರರ ಖರ್ಚಿನಲ್ಲಿ ಲಾಸ್ ವೇಗಸ್ ಪ್ರವಾಸ, ಮನೆಯ ಹಿತ್ತಲಲ್ಲಿ ಹುಲ್ಲು ಹೊದಿಸಿದ ಗುಡಿಸಲು, ಏನೇನೋ. ಡಿಮೋರಾಗೆ 2012ರಲ್ಲಿ 28 ವರ್ಷ, ರುಸ್ಸೊಗೆ ಸುಮಾರು 22 ವರ್ಷ ಶಿಕ್ಷೆ ವಿಧಿಸಿದರು. ಒಟ್ಟು 60ಕ್ಕೂ ಹೆಚ್ಚು ಜನ ಅಪರಾಧಿಗಳಾದರು. ಆ ಊರಿನವರು ಮಾಡಿದ ಕೆಲಸ ನನಗೆ ಬಹಳ ಹಿಡಿಸಿತು. 2009ರ ನವೆಂಬರ್‌ನಲ್ಲಿ ಮತ ಹಾಕಿ ಮೂವರು ಕಮಿಷನರ್‌ಗಳ ಹಳೆಯ ಪದ್ಧತಿಯನ್ನೇ ತೆಗೆದುಹಾಕಿದರು. 2011ರ ಜನವರಿಯಿಂದ ಒಬ್ಬ ಕಾರ್ಯನಿರ್ವಾಹಕ, 11 ಜನರ ಕೌನ್ಸಿಲ್, ಗುತ್ತಿಗೆಗಳ ಮೇಲೆ ಕಣ್ಣಿಡಲು ಒಬ್ಬ ಇನ್‌ಸ್ಪೆಕ್ಟರ್ ಜನರಲ್. ಕಳ್ಳತನ ನಡೆದ ಮೇಲೆ ಎಚ್ಚೆತ್ತವರಾದರೂ ಗಟ್ಟಿಯಾಗಿ ಎಚ್ಚೆತ್ತರು.

ನಮ್ಮ ಟೆಕ್ಸಾಸಿಗೆ ಬರೋಣ. ಇಲ್ಲಿನ ಕಾನೂನು ಕಾಗದದ ಮೇಲೆ ಚೆನ್ನಾಗಿಯೇ ಇದೆ ಎಂದು ಖರೀದಿಯ ಕೆಲಸ ಬಲ್ಲವನಾಗಿ ಹೇಳುತ್ತೇನೆ. ರಾಜ್ಯದ 254 ಕೌಂಟಿಗಳನ್ನೂ ನಡೆಸುವುದು ಕಮಿಷನರ್ಸ್ ಕೋರ್ಟ್. ಕೋರ್ಟ್ ಎಂದು ಹೆಸರಿದ್ದರೂ ಅದು ಆಡಳಿತ ಮಂಡಳಿ, ಒಬ್ಬ ಕೌಂಟಿ ಜಡ್ಜ್ ಮತ್ತು ನಾಲ್ವರು ಕಮಿಷನರ್‌ಗಳು. ಹಣ ಖರ್ಚು ಮಾಡುವ ಇವರ ಕೈಯಲ್ಲಿ ಲೆಕ್ಕ ನೋಡುವವರ ನೇಮಕ ಇಲ್ಲ. ಕೌಂಟಿ ಆಡಿಟರ್ ಅವರನ್ನು ನೇಮಿಸುವುದು ಜಿಲ್ಲಾ ನ್ಯಾಯಾಧೀಶರು. ಆಡಿಟರ್ ಪರಿಶೀಲಿಸಿ ಒಪ್ಪದೆ ಬಿಲ್ ಪಾಸಾಗುವುದಿಲ್ಲ. ದೊಡ್ಡ ಕೌಂಟಿಗಳ ಖರೀದಿ ಅಧಿಕಾರಿಯ ನೇಮಕದಲ್ಲೂ ಸಾಮಾನ್ಯವಾಗಿ ನ್ಯಾಯಾಧೀಶರ ಕೈ ಇರುತ್ತದೆ. ಇಷ್ಟು ಹಣಕ್ಕಿಂತ ಮೇಲಿನ ಖರೀದಿಗೆ ಟೆಂಡರ್ ಕರೆಯಲೇಬೇಕು ಎಂಬ ಮಿತಿ ಬಹಳ ಕಾಲ 50,000 ಡಾಲರ್ ಇತ್ತು. 2025ರ ಸೆಪ್ಟೆಂಬರ್‌ನಿಂದ ಅದನ್ನು 1,00,000ಕ್ಕೆ ಏರಿಸಿದ್ದಾರೆ. ಬೆಲೆಗಳು ಏರಿರುವಾಗ ಮಿತಿ ಏರಿಸುವುದರಲ್ಲಿ ತಪ್ಪಿಲ್ಲ ಅನ್ನಿ. ಆದರೆ ಮೊದಲು ಟೆಂಡರಿನ ಬೆಳಕಿಗೆ ಬರುತ್ತಿದ್ದ ಎಷ್ಟೋ ಖರೀದಿಗಳು ಈಗ ಬರುವುದಿಲ್ಲ. ಅಷ್ಟರ ಮಟ್ಟಿಗೆ ಕಾವಲಿನ ಕೆಲಸ ನಮ್ಮ ಪಾಲಿಗೆ ಹೆಚ್ಚಿದೆ.

ಮಿತಿ ತಪ್ಪಿಸಲು ಒಂದೇ ಖರೀದಿಯನ್ನು ಒಡೆದು ಎರಡು ಮೂರು ಮಾಡುವುದು ಇಲ್ಲಿ ಅಪರಾಧ. ಸಾಬೀತಾದರೆ ಹುದ್ದೆ ಹೋಗುತ್ತದೆ. ಊರಲ್ಲಿ 'ತುಂಡು ಗುತ್ತಿಗೆ'ಯನ್ನು ಕಂಡು ಬಂದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಒಂದು ಚರಂಡಿಯನ್ನು ಐದು ತುಂಡು ಮಾಡಿ ಐದು ಬಿಲ್ ಎತ್ತಿದ್ದನ್ನು ನೋಡಿದ ಕಣ್ಣು ಇಲ್ಲಿನ ಖರೀದಿ ಪಟ್ಟಿಯಲ್ಲೂ ಅಂಥದ್ದಿದ್ದರೆ ಗುರುತಿಸಬಲ್ಲದು. ಒಂದೇ ಕಂಪನಿ, ಒಂದೇ ತಿಂಗಳು, ಮಿತಿಗಿಂತ ಚೂರೇ ಕಡಿಮೆಯ ಮೊತ್ತ, ಮೂರು ಸಲ. ಅಷ್ಟು ಕಂಡರೆ ಸಾಕು, ಕೇಳಬೇಕು.

ನಿಯಮ ಮುರಿಯುವವರಿಗಿಂತ ನಿಯಮದ ವಿನಾಯಿತಿಗಳ ಮೇಲೆ ನನಗೆ ಹೆಚ್ಚು ಗಮನ. ಎಂಜಿನಿಯರ್, ಆರ್ಕಿಟೆಕ್ಟ್, ಲೆಕ್ಕಪರಿಶೋಧಕರ ಸೇವೆಗೆ ಟೆಕ್ಸಾಸಿನಲ್ಲಿ ಬೆಲೆಯ ಮೇಲೆ ಟೆಂಡರ್ ಕರೆಯುವಂತಿಲ್ಲ. ಅರ್ಹತೆ ನೋಡಿ ಆರಿಸಬೇಕು, ಆಮೇಲೆ ದರ ಮಾತಾಡಬೇಕು. ಕಾರಣ ಸರಿಯಾಗಿದೆ, ಅಗ್ಗದ ಎಂಜಿನಿಯರ್ ಕಟ್ಟಿಸಿದ ಸೇತುವೆ ಯಾರಿಗೂ ಬೇಡ. ಆದರೆ ಆ 'ಅರ್ಹತೆ'ಗೆ ಯಾರು ಎಷ್ಟು ಅಂಕ ಕೊಟ್ಟರು, ಅದೇ ಸಂಸ್ಥೆ ವರ್ಷ ವರ್ಷ ಹೇಗೆ ಮೊದಲು ಬರುತ್ತದೆ, ಅದರ ಪಾಲುದಾರರು ಯಾರ ಚುನಾವಣೆಗೆ ದೇಣಿಗೆ ಕೊಟ್ಟಿದ್ದಾರೆ ಎಂದು ನೋಡುವವರು ಬೇಕಲ್ಲ? ಒಬ್ಬರ ಬಳಿ ಮಾತ್ರ ಸಿಗುವ ವಸ್ತು ಎಂಬ ವಿನಾಯಿತಿ ಇನ್ನೊಂದು. ಬೇರೆ ಸರ್ಕಾರ ಎಲ್ಲೋ ಕರೆದ ಟೆಂಡರಿನ ದರ ಹಿಡಿದು ಇಲ್ಲಿ ಕೊಳ್ಳುವುದು ಮತ್ತೊಂದು. ಎಲ್ಲಕ್ಕೂ ನ್ಯಾಯವಾದ ಬಳಕೆ ಇದೆ. ಆದರೆ ವಿನಾಯಿತಿಯ ದುರ್ಬಳಕೆಯೂ ನಮಗೆ ಹೊಸದಲ್ಲ. ಕರ್ನಾಟಕದಲ್ಲಿ ಸರ್ಕಾರಿ ಖರೀದಿಯ ಪಾರದರ್ಶಕತೆ ಅಧಿನಿಯಮ ಬಂದದ್ದು 1999ರಲ್ಲಿ. ಅದರ 4(ಜಿ) ವಿನಾಯಿತಿಯಲ್ಲಿ ಟೆಂಡರಿಲ್ಲದೆ ಕೆಲಸ ಕೊಟ್ಟದ್ದರ ಬಗ್ಗೆ ಪತ್ರಿಕೆಗಳಲ್ಲಿ ಓದದ ಕನ್ನಡಿಗರು ಕಡಿಮೆ. ಕಾನೂನಿನ ಮುಖ್ಯ ಬಾಗಿಲಿಗಿಂತ ಪಕ್ಕದ ಬಾಗಿಲಲ್ಲಿ ಓಡಾಟ ಹೆಚ್ಚಾಗುವುದು ಎರಡೂ ಕಡೆ ಒಂದೇ.

ನಮ್ಮ ಕೌಂಟಿಯ ಸಭೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಸಭೆಗೆ ಕೆಲವು ದಿನ ಮುಂಚೆಯೇ ಕಾರ್ಯಸೂಚಿ ಹೊರಬರುತ್ತದೆ, ಲಗತ್ತುಗಳ ಸಮೇತ. ಅದರಲ್ಲಿ 'ಕನ್ಸೆಂಟ್ ಅಜೆಂಡಾ' ಎಂದು ಒಂದು ಭಾಗವಿದೆ. ಚರ್ಚೆ ಬೇಡ ಎನ್ನಿಸಿದ ಹತ್ತಾರು ವಿಷಯಗಳನ್ನು ಒಟ್ಟಿಗೆ ಕಟ್ಟಿ, ಒಂದೇ ಬಾರಿಗೆ ಕೈಯೆತ್ತಿ ಪಾಸು ಮಾಡುತ್ತಾರೆ. ಖರೀದಿಯ ಬಹುಪಾಲು ಇರುವುದು ಅಲ್ಲಿ. ಕಟ್ಟಡವೊಂದರ ಕಾಮಗಾರಿಯ ನಾಲ್ಕನೆಯ 'ಚೇಂಜ್ ಆರ್ಡರ್', ಅಂದರೆ ಗುತ್ತಿಗೆಯ ತಿದ್ದುಪಡಿ, ಒಮ್ಮೆ ಅದರಲ್ಲಿತ್ತು. ಕಡಿಮೆ ದರ ಹೇಳಿ ಟೆಂಡರ್ ಗೆದ್ದು, ಆಮೇಲೆ ತಿದ್ದುಪಡಿಗಳಲ್ಲಿ ದರ ಏರಿಸಿಕೊಳ್ಳುವುದು ಬೆಂಗಳೂರಿನ ನಮ್ಮ ಖರೀದಿ ವಿಭಾಗದ ಹಿರಿಯರು ಮೊದಲ ವಾರವೇ ಹೇಳಿಕೊಟ್ಟ ಪಾಠ. ಟೆಕ್ಸಾಸಿನ ಕಾನೂನು ಇದಕ್ಕೂ ಕಡಿವಾಣ ಹಾಕಿದೆ. ಇಂಥ ತಿದ್ದುಪಡಿಗಳಿಂದ ಮೂಲ ಮೊತ್ತ ಸಾಮಾನ್ಯವಾಗಿ 25 ಪರ್ಸೆಂಟ್ ಮೀರಿ ಏರುವಂತಿಲ್ಲ. ಲಗತ್ತು ತೆರೆದು ನೋಡಿದೆ. ಕಾರಣ ಬರೆಯುವ ಜಾಗದಲ್ಲಿ 'ನೆಲದಡಿಯಲ್ಲಿ ನಿರೀಕ್ಷಿಸದ ಬಂಡೆ' ಎಂದಿತ್ತು. ಮೂಲ ಟೆಂಡರಿನ ಕಾಗದಗಳಲ್ಲಿ ಮಣ್ಣಿನ ಪರೀಕ್ಷೆಯ ವರದಿಯೂ ಇತ್ತು, ಅದರ ಪಟ್ಟಿಯಲ್ಲಿ ಅಷ್ಟೇ ಆಳದಲ್ಲಿ ಸುಣ್ಣಕಲ್ಲು ಇದೆ ಎಂದು ಬರೆದಿತ್ತು. ಮೊದಲೇ ಬರೆದಿಟ್ಟದ್ದು ನಿರೀಕ್ಷಿಸದ್ದು ಹೇಗಾಯಿತು?

ಕಾರ್ಯಸೂಚಿಯ ವಿಷಯದ ಮೇಲೆ ಮಾತಾಡಲು ಬಂದ ಸಾರ್ವಜನಿಕರಿಗೆ ಅವಕಾಶ ಕೊಡಲೇಬೇಕೆಂದು 2019ರಿಂದ ಇಲ್ಲಿ ಕಾನೂನಿದೆ. ಹೆಸರು ಬರೆಸಿ, ಎರಡು ಕಾಗದಗಳನ್ನೂ ಹಿಡಿದುಕೊಂಡು ಎದ್ದು ನಿಂತೆ. ಕುರ್ಚಿಗಳೆಲ್ಲ ಖಾಲಿ. ಒಂದಿಬ್ಬರು ಕಂಪನಿಗಳ ಪ್ರತಿನಿಧಿಗಳು, ಕೌಂಟಿಯ ನೌಕರರು, ಅಷ್ಟೇ. ವರದಿಯ ಪುಟ ಹೇಳಿ ಒಂದೇ ಪ್ರಶ್ನೆ ಕೇಳಿದೆ. ಕಮಿಷನರ್ ಒಬ್ಬರು ಆ ವಿಷಯವನ್ನು ಕನ್ಸೆಂಟ್ ಪಟ್ಟಿಯಿಂದ ಬೇರೆ ತೆಗೆಸಿ, ಉತ್ತರ ಬರುವವರೆಗೆ ಮುಂದೂಡಿದರು. ಮುಂದಿನ ಸಭೆಗೆ ಬಂದ ಮೊತ್ತ ಮೊದಲಿನದಕ್ಕಿಂತ ಕಡಿಮೆ ಇತ್ತು. ಯಾರೂ ಕಳ್ಳರೆಂದು ನಾನು ಹೇಳಿಲ್ಲ, ಈಗಲೂ ಹೇಳುವುದಿಲ್ಲ. ಕೌಂಟಿಯ ಖರೀದಿ ವಿಭಾಗದ ಹುಡುಗಿಯೊಬ್ಬಳು ಹೊರಗೆ ಸಿಕ್ಕಿ, ಇದನ್ನೆಲ್ಲ ಯಾರಾದರೂ ಓದುತ್ತಾರೆ ಎಂದು ಗೊತ್ತಾಗಿ ಖುಷಿಯಾಯಿತು ಎಂದಳು. ಪ್ರಾಮಾಣಿಕವಾಗಿ ಕೆಲಸ ಮಾಡುವ ನೌಕರರಿಗೆ ನಮ್ಮ ಓದು ಬಲ ಕೊಡುತ್ತದೆ, ಅಧ್ಯಕ್ಷರೇ. ಮೇಲಿನಿಂದ ಒತ್ತಡ ಬಂದಾಗ "ಜನ ಕೇಳುತ್ತಾರೆ ಸಾರ್" ಎನ್ನಲು ಅವರಿಗೊಂದು ಆಧಾರ ಬೇಕು.

ನೋಡಲು ಕಾಗದ ಸಿಗುವುದಿಲ್ಲ ಎಂಬ ಅಳುಕೂ ಬೇಡ. ಈ ಹಕ್ಕಿಗಾಗಿ ಇಲ್ಲಿನವರು ಹೋರಾಡಿದ್ದಾರೆ. 2015ರಲ್ಲಿ ಟೆಕ್ಸಾಸಿನ ಸುಪ್ರೀಂ ಕೋರ್ಟು ಬೋಯಿಂಗ್ ಕಂಪನಿಯ ಪ್ರಕರಣದಲ್ಲಿ ಕೊಟ್ಟ ತೀರ್ಪಿನಿಂದ, ಸರ್ಕಾರದ ಜೊತೆಗಿನ ಒಪ್ಪಂದಗಳನ್ನು ವ್ಯಾಪಾರದ ಪೈಪೋಟಿಯ ಕಾರಣ ಕೊಟ್ಟು ಮುಚ್ಚಿಡುವುದು ಸುಲಭವಾಯಿತು. ಅದೇ ವರ್ಷ ಮೆಕ್ಯಾಲೆನ್ ನಗರ ಹಬ್ಬದ ಮೆರವಣಿಗೆಗೆ ಗಾಯಕ ಎನ್ರಿಕೆ ಇಗ್ಲೇಸಿಯಾಸ್ ಅವರನ್ನು ಕರೆಸಿ, ಎಷ್ಟು ಕೊಟ್ಟಿತೆಂದು ಹೇಳಲು ನಿರಾಕರಿಸಿತು. ವರ್ಷಗಟ್ಟಲೆ ಕೇಳಿದ ಮೇಲೆ ಹೊರಬಂದ ಮೊತ್ತ 4,85,000 ಡಾಲರ್. ಆ ಗುಟ್ಟೇ ಊರೂರಲ್ಲಿ ಮಾತಾಗಿ, ಕೊನೆಗೆ 2019ರಲ್ಲಿ ಶಾಸನಸಭೆ ಹೊಸ ಕಾಯ್ದೆ ಮಾಡಿ ಒಪ್ಪಂದಗಳ ಮುಖ್ಯ ವಿವರಗಳನ್ನು ಮತ್ತೆ ತೆರೆಯಿತು. ಅರ್ಜಿ ಬರೆದು ಕೇಳಿದರೆ ಕೊಡಬೇಕು. ಇಷ್ಟೊಂದು ಹಕ್ಕು ಬಳಸುವವರಿಲ್ಲದೆ ಬಿದ್ದಿದೆ.

ಬಳಸಬಲ್ಲವರು ನಮ್ಮ ಕೂಟದಲ್ಲಿ ಎಷ್ಟು ಜನ! ತಂತ್ರಾಂಶ ಕಂಪನಿಗಳಲ್ಲಿ ವೆಂಡರ್ ಆಯ್ಕೆ ಮಾಡುವವರು, ಆಸ್ಪತ್ರೆಗಳ ಸಲಕರಣೆ ಕೊಳ್ಳುವವರು, ಸೇತುವೆ ವಿನ್ಯಾಸ ಮಾಡುವ ಸಿವಿಲ್ ಎಂಜಿನಿಯರ್‌ಗಳು, ಲೆಕ್ಕಪರಿಶೋಧಕರು. ಕಂಪನಿಯ ಹಣ ಉಳಿಸಲು ಹಗಲೂ ರಾತ್ರಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಒಪ್ಪಂದ ಓದುತ್ತೇವೆ. ಅದರಲ್ಲಿ ತಿಂಗಳಿಗೆ ಒಂದು ಸಂಜೆ ಊರಿಗೆ ಕೊಡಲಾಗದೆ? ಕರ್ನಾಟಕದ ನಮ್ಮೂರುಗಳ ಗ್ರಾಮ ಪಂಚಾಯಿತಿಯಲ್ಲಿ ಜಮಾಬಂದಿ ನಡೆಯುವುದನ್ನು ನಮ್ಮಲ್ಲಿ ಕೆಲವರಾದರೂ ನೋಡಿದ್ದೇವೆ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಹಿಂದಿನ ವರ್ಷದ ಲೆಕ್ಕಪತ್ರಗಳನ್ನು ಊರವರ ಮುಂದೆ ಇಡಬೇಕು, ಕಾಮಗಾರಿ ನಡೆದ ಜಾಗಕ್ಕೆ ಹೋಗಿ ನೋಡಬೇಕು. ಎಷ್ಟೋ ಕಡೆ ಅದು ಶಾಸ್ತ್ರಕ್ಕೆ ನಡೆದು ಮುಗಿಯುತ್ತದೆ, ಒಪ್ಪುತ್ತೇನೆ. ಊರವರು ಬಂದು ನಿಂತ ಕಡೆ ಮಾತ್ರ ಅದಕ್ಕೆ ಜೀವ ಬರುತ್ತದೆ. ಬಿಲ್‌ನಲ್ಲಿ ಬರೆದ ಉದ್ದಕ್ಕೂ ನೆಲದ ಮೇಲಿನ ಚರಂಡಿಯ ಉದ್ದಕ್ಕೂ ತಾಳೆಯಾಗದಿದ್ದಾಗ ಮೊದಲು ಗೊತ್ತಾಗುವುದು ಆ ಚರಂಡಿಯ ಪಕ್ಕದ ಮನೆಯವರಿಗೇ.

ಇನ್ನು ನಿಮ್ಮ ರಾಜಕೀಯದ ಆಕ್ಷೇಪ. ಲಾಭರಹಿತ ಸಂಸ್ಥೆಯಾದ ಕೂಟ ಚುನಾವಣೆಯಲ್ಲಿ ಯಾವ ಅಭ್ಯರ್ಥಿಯ ಪರವಾಗಿಯೂ ವಿರುದ್ಧವಾಗಿಯೂ ನಿಲ್ಲುವಂತಿಲ್ಲ. ಆ ನಿಯಮವನ್ನು ನಾನೂ ಗೌರವಿಸುತ್ತೇನೆ. ಸಾರ್ವಜನಿಕ ಒಪ್ಪಂದವನ್ನು ಓದುವುದು, ಸದಸ್ಯರಿಗೆ ಓದಲು ಕಲಿಸುವುದು, ಸಭೆಯಲ್ಲಿ ಪ್ರಶ್ನೆ ಕೇಳುವುದು ಯಾರ ಪ್ರಚಾರವೂ ಅಲ್ಲ. ಕಮಿಷನರ್ ಯಾವ ಪಕ್ಷದವರೆಂದು ನಮ್ಮ ಗುಂಪು ನೋಡುವುದೂ ಬೇಡ. ಜೆಫರ್ಸನ್‌ನಲ್ಲಿ ಸಿಕ್ಕಿಬಿದ್ದವರಲ್ಲಿ ಎರಡೂ ಪಕ್ಷದವರು ಇದ್ದರು.

ಮೊದಲ ಓದಿಗೆ ನಾನು ಆರಿಸಿಕೊಂಡಿರುವುದು ಜೈಲಿನ ಫೋನ್ ಗುತ್ತಿಗೆ. ನಮ್ಮಲ್ಲಿ ಯಾರ ಮನೆಯವರೂ ಆ ಜೈಲಿನಲ್ಲಿಲ್ಲ, ಆದ್ದರಿಂದಲೇ ಅದನ್ನು ಆರಿಸಿದೆ. ಈ ಖರೀದಿಯಲ್ಲಿ ಹಣ ಕೊಡುವುದು ಕೌಂಟಿಯಲ್ಲ, ಕೈದಿಯ ತಾಯಿ, ಹೆಂಡತಿ, ಮಕ್ಕಳು. ಫೋನ್ ಕಂಪನಿ ಅವರಿಂದ ಕರೆಯ ದರ ವಸೂಲು ಮಾಡಿ ಅದರಲ್ಲೊಂದು ಪಾಲನ್ನು ಕೌಂಟಿಗೆ ಕಮಿಷನ್ ಆಗಿ ಕೊಡುವ ಪದ್ಧತಿ ದೇಶದ ತುಂಬ ಬೆಳೆಯಿತು. ಹೆಚ್ಚು ಕಮಿಷನ್ ಕೊಡುವ ಕಂಪನಿಗೆ ಗುತ್ತಿಗೆ ಸಿಕ್ಕರೆ ಬಡವರ ಕರೆ ದುಬಾರಿಯಾಗುತ್ತದೆ. ಜೈಲಿನಲ್ಲಿರುವವರಲ್ಲಿ ಎಷ್ಟೋ ಜನರ ಮೇಲಿನ ಆರೋಪ ಇನ್ನೂ ಸಾಬೀತೇ ಆಗಿರುವುದಿಲ್ಲ, ಜಾಮೀನಿಗೆ ಹಣವಿಲ್ಲದೆ ಕೂತಿರುತ್ತಾರೆ. ವಾಷಿಂಗ್ಟನ್ನಿನ ಮಾರ್ಥಾ ರೈಟ್ ಎಂಬ, ಕಣ್ಣು ಕಾಣದ ನಿವೃತ್ತ ನರ್ಸ್ ಜೈಲಿನಲ್ಲಿದ್ದ ಮೊಮ್ಮಗನ ಜೊತೆ ಮಾತಾಡುವ ಖರ್ಚು ತಾಳಲಾರದೆ 2000ದ ಹೊತ್ತಿಗೆ ಕೋರ್ಟಿಗೆ ಹೋದರು. ಅವರು 2015ರಲ್ಲಿ ತೀರಿಕೊಂಡರು. ಅವರ ಹೆಸರಿನ ಕಾಯ್ದೆಗೆ ಅಮೆರಿಕದ ಅಧ್ಯಕ್ಷರ ಸಹಿ ಬಿದ್ದದ್ದು 2023ರ ಜನವರಿಯಲ್ಲಿ. ಜೈಲಿನ ಎಲ್ಲ ಕರೆಗಳ ದರವನ್ನೂ ನಿಯಂತ್ರಿಸುವ ಅಧಿಕಾರ ಆಗ ಕೇಂದ್ರದ ಸಂಪರ್ಕ ಆಯೋಗಕ್ಕೆ ಸಿಕ್ಕಿತು. ನಮ್ಮ ಕೌಂಟಿಯ ಒಪ್ಪಂದದಲ್ಲಿ ನಿಮಿಷಕ್ಕೆ ಎಷ್ಟು ಇದೆ, ಕೌಂಟಿಗೆ ಬರುವ ಪಾಲು ಎಷ್ಟು, ಆ ಪಾಲು ಯಾವ ಖಾತೆಗೆ ಹೋಗುತ್ತದೆ, ಕಳೆದ ಬಾರಿ ಎಷ್ಟು ಕಂಪನಿಗಳು ಬಿಡ್ ಹಾಕಿದ್ದವು ಎಂಬ ನಾಲ್ಕು ಪ್ರಶ್ನೆಗಳ ಅರ್ಜಿಯನ್ನು ಬರೆದಿಟ್ಟಿದ್ದೇನೆ.

ಸಮಿತಿಯ ಮುಂದಿನ ಸಭೆಯಲ್ಲಿ ಇದನ್ನೊಂದು ವಿಷಯವಾಗಿ ಸೇರಿಸಿ. ಬೇಡವೆಂದು ತೀರ್ಮಾನವಾದರೆ ನನ್ನ ಹೆಸರಿನಲ್ಲೇ ಅರ್ಜಿ ಕಳಿಸುತ್ತೇನೆ. ಬೇಕೆಂದಾದರೆ ಸಿವಿಲ್ ಎಂಜಿನಿಯರ್ ಒಬ್ಬರು, ಲೆಕ್ಕ ಬಲ್ಲವರೊಬ್ಬರು, ವಕೀಲಿ ಓದುತ್ತಿರುವ ನಮ್ಮ ಎರಡನೆಯ ತಲೆಮಾರಿನ ಮಕ್ಕಳಲ್ಲಿ ಒಬ್ಬರು ಮುಂದೆ ಬರಲಿ. ಓದಲು ಕೂರುವುದಕ್ಕೆ ನನ್ನ ಮನೆ ಇದೆ. ಕಾರ್ಯಸೂಚಿ ಹೊರಬಂದ ದಿನವೇ ಎಲ್ಲರಿಗೂ ಕಳಿಸುವ ಹೊಣೆ ನನ್ನದು.


ಕೂಟದ ಆಜೀವ ಸದಸ್ಯ